ಕುರಿ ಹಾಲಿನ ಹಬ್ಬ

ಮಗಳ ಬಾಣಂತನಕ್ಕಂತ ಐರ್ಲೆಂಡಿಗೆ ಹೋಗಿ ಬಂದಾಗಿಂದ ನೀವೆಲ್ಲಾ ನನ್ನ ಕೇಳೂದು ಒಂದ ಪ್ರಶ್ನಿ. ಅಷ್ಟು ಚಳಿ ದೇಶದಾಗ ಏನ ತಿಂದಿ ಅಂತ. ರೊಟ್ಟಿ ತಿಂದೆ, ಮತ್ತೇನು. ಜ್ವಾಳದ ಹಿಟ್ಟು, ಶೇಂಗಾ ಚಟ್ನಿ ಪುಡಿ, ಅಳವಿ, ಅಂಟು ಎಲ್ಲಾ ಹೊತಗೊಂಡ ಹೋಗಿದ್ದೆ. ಆದ್ರ ಅಲ್ಲಿಯವರು ಏನ ತಿಂತಾರ, ಅದಕ್ಕಿಂತ ಹೆಚ್ಚಾಗಿ ಅವರ ಮುತ್ತಜ್ಜಿಯರು ಚಳಿಗಾಲ ಮುಗಿಯೂ ಹೊತ್ತಿಗೆ ಮನ್ಯಾಗ ಉಳದಿದ್ದರಾಗ ಏನ ಹಬ್ಬ ಮಾಡತಿದ್ರು ಅನ್ನೂದರ ಬೆನ್ನ ಹತ್ತಿ ನಾನು ಎರಡು ತಿಂಗಳು ಕಳದೆ. ಮಗಳು ಜನವರಿ ನಡುವಿನ ತನಕಾ ಕೆಲಸಕ್ಕ ಹೋಗತಿದ್ಲು, ಅಳಿಯ ಸಂಜಿಗೆ ಬರವ. ಹಗಲೆಲ್ಲಾ ನಾನೊಬ್ಬಾಕಿ. ಊರ ಗ್ರಂಥಾಲಯ ಹತ್ತ ಹೆಜ್ಜಿ ಮ್ಯಾಲಿತ್ತು, ಬಾಜೂ ಮನ್ಯಾಗ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ಲು. ನನ್ನ ಪಿಯುಸಿ ಇಂಗ್ಲಿಷು ಡಿಕ್ಷನರಿ ಹಿಡಕೊಂಡು ಕುಂಟತಾ ನಡೀತು. ಅಜ್ಜಿ ಇಂಗ್ಲಿಷು ಬ್ಯಾರೇನ ಇತ್ತು, ಆಕಿ ಕೈ ಬಾಯಿ ಎರಡೂ ಆಡಿಸಿ ಹೇಳತಿದ್ಲು, ಅದಕ್ಕ ತಿಳೀತು.

ನಾವಿದ್ದ ಊರು ಕಿಲ್ಡೇರ್. ಅವರ ಭಾಷಾದಾಗ "ಕಿಲ್ ದಾರ", ಅಂದ್ರ ಓಕ್ ಗಿಡದ ಗುಡಿ. ಡಿಸೆಂಬರಿನ್ಯಾಗ ಅಲ್ಲಿ ಮುಂಜಾನೆ ಎಂಟೂವರಿ ದಾಟಿದ ಮ್ಯಾಲೆ ಹೊತ್ತು ಹುಟ್ಟಿ ಸಂಜಿ ನಾಕಕ್ಕ ಮುಳಗಿ ಹೋಗತಿತ್ತು. ಮಧ್ಯಾಹ್ನದ ಊಟ ಆಗಿ ಭಾಂಡಿ ತೊಳದು ಕೈ ಒರಸೂದರಾಗ ದೀಪ ಹಚ್ಚೂ ಹೊತ್ತು. ನನಗ ಮನಸ್ಸಿನ್ಯಾಗ ಕತ್ತಲಿ ಹೊಕ್ಕಂಗಾಗಿತ್ತು. ಫೆಬ್ರುವರಿ ಸುರುವಾತಿಗೆ ಬೆಳಕು ಸಂಜಿ ಐದು ದಾಟಿ ನಿಂತಿತು. ಆಗ ನನಗ ತಿಳೀತು ಇವರು ಫೆಬ್ರುವರಿ 1ಕ್ಕ ವಸಂತ ಬಂತು ಅಂತ ಯಾಕ ಕುಣೀತಾರಂತ. ಹೊರಗ ಇನ್ನೂ ಹಲ್ಲು ಕಡಿಯೂ ಚಳಿ. ಆದ್ರೂ ವಸಂತಂತ.

ಹಳೇ ಐರ್ಲೆಂಡಿನ ವರ್ಷಕ್ಕ ನಾಕು ಕಂಬ. ನವೆಂಬರ್ 1ಕ್ಕ ಸಾವಿನ್, ಫೆಬ್ರುವರಿ 1ಕ್ಕ ಇಂಬೊಲ್ಕ್, ಮೇ 1ಕ್ಕ ಬ್ಯಾಲ್ಟನ, ಆಗಸ್ಟ್ 1ಕ್ಕ ಲೂನಸಾ. ಸಾವಿನ್ ಅಂದ್ರ ಸತ್ತವರು ಮನೀಗೆ ಬರೂ ರಾತ್ರಿಯ ಹಬ್ಬ. ಹೆಸರು ಕೇಳಿ ನಾನು ನಕ್ಕೆ, ನಮ್ಮ "ಸಾವಿನ" ಅನ್ನೂ ಮಾತಿಗೆ ಅದಕ್ಕ ಸಂಬಂಧ ಇಲ್ಲ, ಆದ್ರ ಕಿವಿಗೆ ಹಂಗ ಬೀಳತೈತಿ. ಈ ನಾಕೂ ಕ್ರಿಸ್ತ ಧರ್ಮ ಆ ದೇಶಕ್ಕ ಬರೂಕಿಂತ ಮೊದಲಿನವು. ಇಂಬೊಲ್ಕ್ ಅನ್ನೂ ಹೆಸರಿಗೆ "ಹೊಟ್ಟ್ಯಾಗ" ಅನ್ನೂ ಅರ್ಥ ಹೇಳತಾರ, ಅಂದ್ರ ಕುರಿ ಗಬ್ಬ ಇರೂ ಕಾಲ. ಕ್ಯಾಶೆಲ್ ಅನ್ನೂ ಊರಿನ ರಾಜಾನೂ ಬಿಷಪ್ಪನೂ ಆಗಿದ್ದ ಕೊರ್ಮಾಕ್ ಅಂತ ಒಬ್ಬಾತ, 908ರಾಗ ತೀರಿಕೊಂಡವ. ಅವನ ಹೆಸರಿನ್ಯಾಗ ಒಂದು ಹಳೇ ಶಬ್ದಕೋಶ ಐತಿ. ಅದರಾಗ ಈ ಹಬ್ಬಕ್ಕ "ಓಯ್ಮೆಲ್ಕ್" ಅಂತ ಬರದು, ಕುರಿ ಹಾಲು ಅಂತ ಅರ್ಥ ಕೊಟ್ಟಾನ. ಭಾಷಾ ಪಂಡಿತರು ಅವನ ಅರ್ಥ ಪೂರಾ ಒಪ್ಪೂದಿಲ್ಲ. ನನಗ ಮಾತ್ರ ಒಪ್ಪಿಗಿ ಆತು. ಯಾಕಂದ್ರ ಪಂಡಿತರು ಶಬ್ದ ನೋಡತಾರ, ನಾವು ಗಡಗಿ ನೋಡತೀವಿ.

ಗಡಗಿ ಲೆಕ್ಕ ಹೇಳತೀನಿ ಕೇಳ್ರಿ. ಅಲ್ಲಿಯ ಆಕಳಾ ವಸಂತದಾಗ ಈಯತಾವ, ಬ್ಯಾಸಗಿ ಪೂರ್ತಿ ಹಾಲು ಕೊಡತಾವ, ಚಳಿ ಬೀಳೂದರಾಗ ಬತ್ತತಾವ. ಹುಲ್ಲ ಇಲ್ಲಂದ್ಮ್ಯಾಲೆ ಹಾಲೆಲ್ಲಿಂದ? ಹಳೇ ಐರ್ಲೆಂಡಿನ್ಯಾಗ ಹಾಲು, ಮಸರು, ಬೆಣ್ಣಿ, ಗಿಣ್ಣ ಎಲ್ಲಾ ಸೇರಿ "ಬಿಳೇ ಊಟ" ಅಂತಿದ್ರು. ಅದು ಬ್ಯಾಸಗಿ ಊಟ. ಚಳಿಗಾಲಕ್ಕ ಓಟ್ಸು, ಬಾರ್ಲಿ, ಉಪ್ಪು ಹಾಕಿಟ್ಟ ಹಂದಿ ಮಾಂಸ, ಒಣಗಿದ ಗಟ್ಟಿ ಚೀಸು. ಇವರ ಓಟ್ಸು ನಮ್ಮ ಜ್ವಾಳಿದ್ದಂಗ, ರೊಟ್ಟಿಗೂ ಅದ, ಗಂಜಿಗೂ ಅದ. ಮೂರು ತಿಂಗಳು ಅದನ್ನ ತಿಂದು ತಿಂದು ಬಾಯಿ ಮರಗಟ್ಟಿ, ಮಕ್ಕಳು ಮುದುಕರು ಸೊರಗಿ ಕುಂತಾಗ ಆಕಳಕ್ಕಿಂತ ಮೊದಲ ಮರಿ ಹಾಕೂದು ಕುರಿ. ಐದ ತಿಂಗಳ ಗಬ್ಬ ಅದರದು, ಮತ್ತ ಅದಕ್ಕ ಗೇಣುದ್ದ ಹುಲ್ಲು ಬೇಕಂತಿಲ್ಲ, ಹಲ್ಲಿಗೆ ಸಿಕ್ಕಷ್ಟ ಸಾಕು. ಕುರಿ ಕೆಚ್ಚಲ ತುಂಬಿತಂದ್ರ ಮನ್ಯಾಗ ಹಾಲಿನ ವಾಸನಿ ಬಂತು. ಕುರಿ ಹಾಲು ಆಕಳ ಹಾಲಿಗಿಂತ ಗಟ್ಟಿ, ಜಿಡ್ಡೂ ಹೆಚ್ಚು, ಇದು ನಮ್ಮ ಕಡೆ ಕುರಿಗಾರರ ಹಟ್ಟಿಗೆ ಹೋಗಿ ಚಹಾ ಕುಡದವರಿಗೆ ಗೊತ್ತೈತಿ. ಮರಿಗೆ ಬಿಟ್ಟು ಉಳದದ್ದು ಒಂದ ಚಟಾಕು ಆದ್ರೂ, ಅದು ಹಬ್ಬನ ಅಲ್ಲೇನ್ರಿ?

ಈ ದಿನಾ ಮನಿಯವರು ಇನ್ನೊಂದು ಕೆಲಸಾ ಮಾಡತಿದ್ರಂತ. ಬಣವಿ ನೋಡೂದು, ಹಗೇವಿನಂಥ ಗುಂಡಿಗಳನ್ನ ನೋಡೂದು. ಚಳಿಗಾಲಕ್ಕಂತ ಕೂಡಿಟ್ಟ ಮೇವಿನ್ಯಾಗ, ಕಾಳಿನ್ಯಾಗ ಅರ್ಧಾ ಉಳದಿರಬೇಕು. ಅರ್ಧಾ ಇದ್ರ ಹೊಸ ಹುಲ್ಲು ಬರೂ ತನಕಾ ದನಾ ಉಳೀತಾವ, ಮನಿಷ್ಯಾರೂ ಉಳೀತಾರ. ಇಲ್ಲಂದ್ರ ಇಲ್ಲ. ನಮ್ಮಪ್ಪ ಶಿವರಾತ್ರಿ ಮುಂದ ಕಣಕಿ ಬಣವಿ ಸುತ್ತ ಒಂದ ಸುತ್ತ ಹಾಕಿ ಬಂದು, ಮಾತಾಡದ ಚಹಾ ಕುಡೀತಿದ್ದ. ಅವ್ವ ಅವನ ಮಾರಿ ನೋಡಿನ ಎಷ್ಟ ಉಳದೈತಿ ಅಂತ ಹೇಳತಿದ್ಲು. ಹಂಗಾಗಿ ಇಂಬೊಲ್ಕ್ ಊಟ ಅಂದ್ರ ಸುಗ್ಗಿ ಊಟದಂಗ ಸಡ್ಲ ಕೈಯಿಂದ ಮಾಡಿದ್ದಲ್ಲ. ಅಳದು ಮಾಡಿದ್ದು.

ಹಂಗಾದ್ರ ಕ್ರಿಸ್ತನಕಿಂತ ಹಿಂದಿನವರು ಆ ದಿನಾ ಖರೇನ ಏನ ತಿಂದ್ರು? ಇಲ್ಲಿ ನಾನು ನಿಮಗ ಸುಳ್ಳ ಹೇಳಬಾರದು. ಅವರು ಬರದಿಟ್ಟಿಲ್ಲ. ಬರಿಯೂದು ಕ್ರಿಸ್ತ ಮಠಗಳಾಗಿಂದ ಸುರು ಆದದ್ದು. ಆ ಮಠದವರು ಬರದಿಟ್ಟ ಹಳೇ ಪದ್ಯ ಒಂದರಾಗ, ಇಂಬೊಲ್ಕಿಗೆ ಕೈ ಕಾಲು ತಲಿ ತೊಳಕೊಂಡು, ಮನ್ಯಾಗಿನ ಒಂದೊಂದು ಪದಾರ್ಥನೂ ಸಾಲಾಗಿ ರುಚಿ ನೋಡಬೇಕು ಅನ್ನೂ ಅರ್ಥದ ಮಾತೈತಿ. ನನಗ ಇದು ಬಾಳ ಹಿಡಿಸ್ತು. ತಲಿ ಮ್ಯಾಲೆ ನೀರ ಹಾಕ್ಕೊಂಡು, ಇದ್ದದ್ದರಾಗ ಎಲ್ಲಾದರದೂ ಒಂದೊಂದು ತುತ್ತು. ಇನ್ನೊಂದು ಹಳೇ ಕಥಿಯೊಳಗ ಇಂಬೊಲ್ಕ್ ಅಂದ್ರ ವಸಂತದ ಸುರುವಾತಿಗೆ ಕುರಿ ಕರಿಯೂ ಹೊತ್ತು ಅಂತ ಐತಿ. ಇಷ್ಟ ಖರೆ ಇರೂದು. ಉಳದದ್ದು ಊಹಾ.

ಆದ್ರ ಕಾಗದದಾಗ ಇಲ್ಲದ್ದು ನೆಲದಾಗ ಸಿಕ್ಕೈತಿ. ಐರ್ಲೆಂಡಿನ್ಯಾಗ ಬಾಗ್ ಅಂತ ಕರಿಯೂ ಕರೀ ಜವಳು ನೆಲಾ ಐತಿ, ಅಲ್ಲಿ ಮಣ್ಣನ್ನ ಇಟ್ಟಂಗಿಯಂಗ ಕೊಯ್ದು ಒಣಗಿಸಿ ಒಲಿಗೆ ಹಾಕತಾರ, ನಮ್ಮ ಕುಳ್ಳು ಇದ್ದಂಗ. ಹಂಗ ಕೊಯ್ಯೂವಾಗ ಬೆಣ್ಣಿ ಸಿಗತೈತಿ! 2016ರಾಗ ಮೀಥ್ ಜಿಲ್ಲಾದಾಗ ಹತ್ತು ಕಿಲೋ ಬೆಣ್ಣಿ ಮುದ್ದಿ ಸಿಕ್ತು. ಸುಮಾರು 2000 ವರ್ಷದ್ದು. ಅದಕ್ಕಿಂತ ಹಳೇವೂ ಸಿಕ್ಕಾವ, ಕಟಿಗಿ ಡಬರಿಯೊಳಗ ತುಂಬಿ ಹುಗದದ್ದು. ಆ ನೆಲದಾಗ ಥಂಡಿ, ಹುಳಿ, ಗಾಳಿ ಆಡೂದಿಲ್ಲ, ಅದಕ್ಕ ಕೆಡೂದಿಲ್ಲ. ಯಾಕ ಹುಗದ್ರು? ಬ್ಯಾಸಗಿ ಬೆಣ್ಣಿ ಚಳಿಗಾಲಕ್ಕ ಉಳೀಲಿ ಅಂತ ಒಬ್ಬರು, ಕಳ್ಳರಿಗೆ ಸಿಗಬಾರದು ಅಂತ ಒಬ್ಬರು, ದೇವರಿಗೆ ಕೊಟ್ಟದ್ದು ಅಂತ ಒಬ್ಬರು. ನಾನಂತೀನಿ, ಮನಿ ಹೆಣ್ಣಮಗಳು ಹುಗದಿಟ್ಟು, ಜಾಗಾ ಯಾರಿಗೂ ಹೇಳದ ಸತ್ತಿರಬೇಕು. ನಮ್ಮಜ್ಜಿ ಬೆಳ್ಳಿ ರೂಪಾಯಿ ಇಟ್ಟಂಗ.

ಚೀಸಿನ ಮಾತು ಬಂತಂದ್ರ ಒಂದು ಕಥಿ ಹೇಳಿ ಮುಂದ ಹೋಗತೀನಿ. ಅವರ ಪುರಾಣದಾಗ ಮೇವ್ ಅಂತ ಒಬ್ಬಾಕಿ ರಾಣಿ, ಬಾಳ ಗಟ್ಟಿಗಿತ್ತಿ, ದೊಡ್ಡ ಯುದ್ಧ ಮಾಡಿದಾಕಿ. ಆಕಿ ಸತ್ತದ್ದು ಕತ್ತಿಯಿಂದಲ್ಲ. ಜಳಕಾ ಮಾಡೂವಾಗ ಅಕ್ಕನ ಮಗ ಕವಣಿಯೊಳಗ ಗಟ್ಟಿ ಚೀಸಿನ ತುಂಡಿಟ್ಟು ಹಣಿಗೆ ಹೊಡದನಂತ. ಅವರ ಚಳಿಗಾಲದ ಚೀಸು ಎಷ್ಟ ಗಟ್ಟಿ ಇರತಿತ್ತು ಅನ್ನಾಕ ಇದಕ್ಕಿಂತ ಸಾಕ್ಷಿ ಬೇಡ.

ಇನ್ನ ಹಬ್ಬದ ದೇವತಿ. ಬ್ರಿಜಿಡ್. ನನ್ನ ಬಾಯಾಗ ಎರಡ ದಿನದಾಗ ಬ್ರಿಜಿಡವ್ವ ಆಗಿ ಬಿಟ್ಲು, ಬಾಜೂ ಅಜ್ಜಿಗೂ ಆ ಹೆಸರು ಕಲಿಸಿದೆ. ಕೊರ್ಮಾಕನ ಶಬ್ದಕೋಶದ ಪ್ರಕಾರ ಆಕಿ ಕವಿಗಳು ಪೂಜಾ ಮಾಡೂ ದೇವತಿ, ದಗ್ದಾ ಅನ್ನೂ ದೊಡ್ಡ ದೇವರ ಮಗಳು. ಅದ ಹೆಸರಿನ ಇಬ್ಬರು ಅಕ್ಕತಂಗೇರು ಆಕಿಗೆ, ಒಬ್ಬಾಕಿ ವೈದ್ಯದಾಕಿ, ಒಬ್ಬಾಕಿ ಕಮ್ಮಾರಿಕಿ ದೇವತಿ. (ಕವಿ ಅಂದಕೂಡ್ಲೆ ನೆನಪಾತು. ಜೇಮ್ಸ್ ಕಸಿನ್ಸ್ ಅಂತ ಐರಿಶ್ ಕವಿ ಇದ್ದನಲ್ಲ, 1924ರಾಗ ಮೈಸೂರಿನ್ಯಾಗ ಕುವೆಂಪು ತಮ್ಮ ಇಂಗ್ಲಿಷ್ ಕವಿತಾ ತೋರಿಸಿದಾಗ, ನಿನ್ನ ಭಾಷಾದಾಗ ಬರಿ ಅಂದವ. ನಮಗ ಸಾಲ್ಯಾಗ ಹೇಳಿದ್ರು. ಆ ದೇಶದವ ಅಂತ ನನಗ ಅಲ್ಲಿಗೆ ಹೋದಮ್ಯಾಲೆ ತಲಿಗೆ ಹೊಳೀತು.)

ಆಮ್ಯಾಲೆ ಅದ ಹೆಸರಿನಾಕಿ ಕ್ರಿಸ್ತ ಸಂತಳೂ ಆದ್ಲು. ಕಿಲ್ಡೇರಿನ್ಯಾಗ ಮಠಾ ಕಟ್ಟಿದಾಕಿ, ಐದನೇ ಶತಮಾನದಾಗ ಹುಟ್ಟಿ ಆರನೇ ಶತಮಾನದಾಗ ತೀರಿಕೊಂಡಾಕಿ ಅಂತಾರ. ನಾವಿದ್ದ 2024ರಾಗ ಆಕಿ ತೀರಿ 1500 ವರ್ಷ ಆತಂತ ಊರ ತುಂಬ ಸಂಭ್ರಮ. ಆಕಿ ಹಬ್ಬಾನೂ ಫೆಬ್ರುವರಿ 1ಕ್ಕನ. ದೇವತಿ ಸಂತಳಾದ್ಲೊ, ಸಂತಳ ಮ್ಯಾಲೆ ದೇವತಿ ಕಥಿ ಕುಂತಾವೊ, ಇದರ ಮ್ಯಾಲೆ ಪುಸ್ತಕದವರು ಜಗಳಾಡತಾರ. ನಮಗೇನ್ರಿ, ಎಲ್ಲವ್ವ ರೇಣುಕಾ ಆದದ್ದು ನೋಡಿದವರು ನಾವು.

ಆಕಿ ಹುಟ್ಟಿದ ಕಥಿ ಕೇಳ್ರಿ. ತಾಯಿ ಜೀತದಾಕಿ, ಮಾರಾಟ ಆದಾಕಿ. ಬೆಳಕ ಹರಿಯೂ ಹೊತ್ತಿನ್ಯಾಗ ಹಾಲು ಕರಕೊಂಡು ಪಾತ್ರಿ ಹಿಡದು ಮನಿ ಒಳಗ ಬರತಿದ್ಲು. ಒಂದ ಕಾಲು ಹೊಸ್ತಲ ಒಳಗ, ಒಂದ ಕಾಲು ಹೊರಗ, ಅಲ್ಲೇ ಹಡದ್ಲು. ಕೂಸಿಗೆ ಅದ ಬಿಸಿ ಹಾಲಿನಿಂದ ಮೈ ತೊಳದ್ರಂತ. ನಾನಿದನ್ನ ಓದೂವಾಗ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಮೊದಲನೇದು ನಿಂತಿರಲಿಲ್ಲ ಅಂತ ನಿಮಗೆಲ್ಲಾ ಗೊತ್ತು. ಹೊಸ್ತಲ ಮ್ಯಾಲೆ ನಿಂದರಬ್ಯಾಡ ಅಂತ ಆಕಿಗೆ ಹಗಲಾರೂ ಹೇಳಾಕಿ ನಾನು, ಆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನ ಕುಂತೆ.

ಏಳನೇ ಶತಮಾನದಾಗ ಕೊಗಿಟೋಸಸ್ ಅನ್ನೂ ಮಠದಾತ ಆಕಿ ಚರಿತ್ರಿ ಬರದಾನ. ಅದರಾಗಿನ ಪವಾಡ ಓದಿದ್ರ ಅವು ದೇವರ ಪವಾಡ ಅನಸೂದಿಲ್ಲ, ನಮ್ಮ ಅಡಗಿಮನಿ ಚಿಂತಿ ಅನಸತಾವ. ಹುಡಿಗಿ ಇದ್ದಾಗ ಬೆಣ್ಣಿ ಕಡಿಯಾಕ ಹಚ್ಚಿದ್ರಂತ, ಆಕಿ ಬಂದ ಬಂದ ಬಡವರಿಗೆಲ್ಲಾ ಬೆಣ್ಣಿ ಹಂಚಿ ಬಿಟ್ಲು, ತಾಯಿ ಲೆಕ್ಕ ಕೇಳೂ ಹೊತ್ತಿಗೆ ಪ್ರಾರ್ಥನಾ ಮಾಡಿದ್ಲು, ಬೆಣ್ಣಿ ಮತ್ತ ತುಂಬಿತು. ನೆಂಟರಿಗಂತ ಬೇಯಾಕಿಟ್ಟ ಮಾಂಸಾ ಹಸದು ಬಂದ ನಾಯಿಗೆ ಹಾಕಿದ್ಲು, ಆದ್ರೂ ಗಡಗ್ಯಾಗ ಕಡಿಮಿ ಆಗಲಿಲ್ಲ. ಬಿಷಪ್ಪರು ಬಂದಾಗ ಮನ್ಯಾಗ ಹಾಲಿಲ್ಲ, ಒಂದ ಆಕಳನ್ನ ದಿನಕ್ಕ ಮೂರ ಸಲ ಕರದ್ಲು. ಮನ್ಯಾಗ ಮುಗದ ಹೋಗೇತಿ, ಬಾಗಲ ಮುಂದ ಮಂದಿ ನಿಂತಾರ, ಒಳಗ ಯಜಮಾನತಿ ಲೆಕ್ಕ ಕೇಳತಾಳ. ಫೆಬ್ರುವರಿ ತಿಂಗಳಂದ್ರ ಇದ.

ಹನ್ನೆರಡನೇ ಶತಮಾನದಾಗ ವೇಲ್ಸ್ ದೇಶದ ಜೆರಾಲ್ಡ್ ಅನ್ನೂ ಪಾದ್ರಿ ಕಿಲ್ಡೇರಿಗೆ ಬಂದು, ಅಲ್ಲಿ ಬ್ರಿಜಿಡವ್ವನ ಬೆಂಕಿ ಆರದಂಗ ಉರಿಯೂದರ ಬಗ್ಗೆ ಬರದಾನ. ಹತ್ತೊಂಬತ್ತು ಮಂದಿ ಸನ್ಯಾಸಿನಿಯರು ಪಾಳಿ ಮ್ಯಾಲೆ ಕಾಯತಿದ್ರು, ಇಪ್ಪತ್ತನೇ ರಾತ್ರಿ ಪಾಳಿ ಆಕಿದ. ಗಂಡಸರು ಬೇಲಿ ದಾಟಂಗಿರಲಿಲ್ಲ. ಮುಂದ ಅದು ಆರಿ ಹೋತು. 1993ರಾಗ ಆಕಿ ಹೆಸರಿನ ಸನ್ಯಾಸಿನಿಯರು ಮತ್ತ ಹಚ್ಚಿದ್ರು. ಈಗ ಊರ ಚೌಕದಾಗೂ ಒಂದು ದೀಪಸ್ತಂಭ ಐತಿ. ನಾನು ಸಂಜಿ ಅಡ್ಡಾಡಾಕ ಹೋದಾಗ ಕೈ ಮುಗದು ಬರತಿದ್ದೆ.

ಜನವರಿ 31ರ ಸಂಜಿ ಅಜ್ಜಿ ನಮ್ಮನ್ನೆಲ್ಲಾ ಊಟಕ್ಕ ಕರದ್ಲು. ಆಕಿ ಮೂಲ ಪಶ್ಚಿಮದ ಮೇಯೊ ಜಿಲ್ಲಾ, ಸಣ್ಣ ಒಕ್ಕಲತನದ ಮನಿ. ಹಬ್ಬದ ಹಿಂದಿನ ಸಂಜಿನ ದೊಡ್ಡ ಊಟ ಅವರದು. ಸಣ್ಣಾಕಿದ್ದಾಗ ಅಪ್ಪ ಜವಳಿನಿಂದ ಆಪಿನ ಹುಲ್ಲು ಕೊಯ್ಕೊಂಡು ಬಂದು ಹೊರಗ ಇಡತಿದ್ದ. ಕತ್ತಲಾದ ಮ್ಯಾಲೆ ಮನಿಯವರಾಗ ಒಬ್ಬರು ಆ ಹುಲ್ಲ ಹೊತಗೊಂಡು ಮನಿ ಸುತ್ತ ಹಾಕಿ ಬಾಗಲ ಬಡದು, ಬ್ರಿಜಿಡವ್ವ ಬಂದಾಳ ಅಂತ ಕೂಗೂದು. ಒಳಗಿನವರು ಬಾ ತಾಯಿ ಅಂತ ಕರಿಯೂದು. ಹುಲ್ಲು ಮೇಜಿನ ಕೆಳಗ ಇಟ್ಟು ಊಟಾ ಮಾಡಿ, ಆಮ್ಯಾಲೆ ಅದರಿಂದ ನಾಕ ಕೈಯಿನ ಶಿಲುಬಿ ಹೆಣದು, ಬಾಗಲಿಗೊಂದು ದನದ ಕೊಟ್ಟಿಗಿಗೊಂದು ಕಟ್ಟೂದು. ಮೇವಿನ ಒಂದ ಹಿಡಿ, ರೊಟ್ಟಿ ಒಂದ ತುಂಡು ಕಿಡಕಿ ಮ್ಯಾಲೆ. ರೊಟ್ಟಿ ಬ್ರಿಜಿಡವ್ವಗ, ಮೇವು ಆಕಿ ಸಂಗಾಟ ಬರೂ ಬಿಳೇ ಆಕಳಿಗೆ. ನಮ್ಮ ಜೋಕುಮಾರ, ಗೌರಿ ಬಂದಂಗ, ದೇವರು ಮನೀಗೆ ನಡಕೊಂತ ಬರೂದು ಅವರಲ್ಲೂ ಐತಿ.

ಊಟದಾಗ ಕೋಲ್ಕ್ಯಾನನ್ ಮಾಡಿದ್ಲು. ಬಟಾಟಿ ಕುದಿಸಿ ಹಿಸಕಿ, ಕೇಲ್ ಅನ್ನೂ ಮುರುಟ ಎಲಿ ಸೊಪ್ಪು ಹೆಚ್ಚಿ ಬೇಯಿಸಿ ಕೂಡಿಸಿ, ಬಿಸಿ ಹಾಲು ಹಾಕಿ, ತಾಟಿನ ನಡುವ ಗುಂಡಿ ಮಾಡಿ ಅದರಾಗ ಬೆಣ್ಣಿ ಹಾಕತಾರ. ಬೆಣ್ಣಿ ಕರಗಿ ಕೆರಿ ಆಗತೈತಿ. ಅಂಚಿನಿಂದ ತಗದು ಆ ಕೆರ್ಯಾಗ ಅದ್ದಿ ತಿನ್ನೂದು. ಮುದ್ದಿ ನಡುವ ಗುಣಿ ಮಾಡಿ ತುಪ್ಪ ಹಾಕಿಕೊಂಡಂಗನ. ಜೊತಿಗೆ ಓಟ್ಸಿನ ರೊಟ್ಟಿ, ಒಣದ್ರಾಕ್ಷಿ ಬ್ರೆಡ್ಡು, ಮಜ್ಜಿಗಿ. ಎಷ್ಟ ಬಡತನ ಇದ್ರೂ ಆ ದಿನಾ ಹೊಸಾ ಬೆಣ್ಣಿ ಕಡದ ಕಡೀತಿದ್ರು, ಹೈನ ಇದ್ದವರು ಇಲ್ಲದವರ ಮನೀಗೆ ಮಜ್ಜಿಗಿ, ಬೆಣ್ಣಿ ಕಳಸತಿದ್ರು ಅಂದ್ಲು ಅಜ್ಜಿ. ಬೆಣ್ಣಿ ಕಡಿಯೂ ಹೊತ್ತಿನ್ಯಾಗ ಮನೀಗೆ ಯಾರ ಬಂದ್ರೂ ಒಂದ್ನಾಕ ಸಲ ಕಡಗೋಲು ಆಡಿಸಿನ ಹೋಗಬೇಕು, ಇಲ್ಲಂದ್ರ ಬೆಣ್ಣಿ ಅದೃಷ್ಟ ಅವರ ಹಿಂದ ಹೋಗತೈತಿ. ದೀಪ ಹಚ್ಚಿದ ಮ್ಯಾಲೆ ನಾವು ಹೆಪ್ಪು ಕೊಡದಂಗ.

ನಾನು ಖುಷಿಲೆ, ಎಷ್ಟ ಹಳೇ ಅಡಗಿ ಅಲ್ಲಾ ಅಂದೆ. ಅಜ್ಜಿ ಬಟಾಟಿ ಮ್ಯಾಲೆ ಚಮಚಾ ಇಟ್ಟು, ಇದು ಹಳೇದಲ್ಲ ಅಂದ್ಲು. ಬಟಾಟಿ ಆ ದೇಶಕ್ಕ ಬಂದದ್ದು ಹದಿನಾರನೇ ಶತಮಾನದ ಕಡೀಕ, ಅಮೆರಿಕಾ ಖಂಡದಿಂದ. ಬ್ರಿಜಿಡವ್ವ ಅದರ ಮಾರಿ ನೋಡಿಲ್ಲ. ನಮ್ಮ ಬಾಯಾಗಿನ "ಬಟಾಟಿ", ಅವರ ಐರಿಶ್ ಭಾಷಾದ "ಪ್ರಾಟಾ" ಎರಡೂ ಒಂದ ಬಳ್ಳಿ, ನಮಗ ಪೋರ್ಚುಗೀಸರ ಕಡಿಂದ ಬಂತು.

ಆ ಬಟಾಟಿನ ಮುಂದ ಅವರ ಕೊರಳಿಗೆ ಬಂತು. ಒಳ್ಳೇ ನೆಲಾ ಎಲ್ಲಾ ಒಡೆಯರ ಕೈಯಾಗ, ಬಡವರಿಗೆ ಉಳದದ್ದು ತುಂಡ ಹೊಲಾ. ಆ ತುಂಡ ನೆಲದಾಗ ಮನಿ ಹೊಟ್ಟಿ ತುಂಬಸೂದು ಬಟಾಟಿ ಒಂದ. ಓಟ್ಸು, ಬೆಣ್ಣಿ, ಹಂದಿ ಮಾರಿ ಬಾಡಗಿ ಕಟ್ಟೂದು, ಬಟಾಟಿ ತಿನ್ನೂದು. 1845ರಾಗ ಬೆಳಿಗೆ ರೋಗ ಬಿತ್ತು, ಗಡ್ಡಿ ನೆಲದಾಗ ಕೊಳತು ನಾರಿತು. 1852ರ ತನಕಾ ಹತ್ತು ಲಕ್ಷ ಮಂದಿ ಸತ್ರು, ಅದಕ್ಕೂ ಹೆಚ್ಚು ಮಂದಿ ಹಡಗ ಹತ್ತಿ ದೇಶಾ ಬಿಟ್ರು. ಅದ ವರ್ಷಗಳಾಗ ಬೆಣ್ಣಿ ಪೀಪಾಯಿಗಳು ಹೊರದೇಶಕ್ಕ ಹೋಗೂದು ನಿಲ್ಲಲಿಲ್ಲ. ಕಾರ್ಕ್ ಪಟ್ಟಣದಾಗ 1770ರಾಗ ಸುರುವಾದ ಬೆಣ್ಣಿ ಪ್ಯಾಟಿ ಇತ್ತು, ದುನಿಯಾದಾಗ ದೊಡ್ಡದು ಅನ್ನಿಸಿಕೊಂಡದ್ದು, ಅಲ್ಲಿಂದ ವೆಸ್ಟ್ ಇಂಡೀಸ್ ತನಕಾ ಬೆಣ್ಣಿ ಹೋಗತಿತ್ತು. ಕಡದಾಕಿ ಮನ್ಯಾಗ ಗಂಜಿನೂ ಇಲ್ಲ, ಆಕಿ ಕಡದ ಬೆಣ್ಣಿ ಹಡಗದಾಗ. ಅಜ್ಜಿ ಇದನ್ನ ಹೇಳೂವಾಗ ಸಿಟ್ಟಾಗಲಿಲ್ಲ. ಮೇಯೊದಾಗ ತಮ್ಮೂರ ಹಿಂದಿನ ಗುಡ್ಡದ ಮ್ಯಾಲೆ ಇನ್ನೂ ಹಳೇ ಬಟಾಟಿ ಸಾಲು ಕಾಣತಾವ, ಯಾರೂ ಬಿತ್ತೂದಿಲ್ಲ ಅಂದ್ಲು, ಅಷ್ಟ.

ಇದು ತಿಳಿದ ಮ್ಯಾಲೆ ಗ್ರಂಥಾಲಯದಾಗಿನ ಬ್ಯಾರೆ ನಮೂನಿ ಪುಸ್ತಕ ಓದಿದ್ರ ನಗು ಬರತಿತ್ತು. ಇಪ್ಪತ್ತನೇ ಶತಮಾನದಾಗ ಇಂಗ್ಲೆಂಡಿನ್ಯಾಗ ಜೆರಾಲ್ಡ್ ಗಾರ್ಡನರ್ ಅನ್ನಾತ ಹಳೇ ದೇವರ ಪೂಜಾನ ಹೊಸದಾಗಿ ಸುರು ಮಾಡಿದ. ಆ ದಾರಿ ಹಿಡದವರು ಇಂಬೊಲ್ಕನ್ನೂ ವರ್ಷದ ಎಂಟು ಹಬ್ಬದಾಗ ಒಂದು ಮಾಡಿಕೊಂಡಾರ. ಅಮೆರಿಕಾದಾಗ ಬರದ ಅಂಥಾ ಪುಸ್ತಕದಾಗ ಈ ಹಬ್ಬಕ್ಕ ಹಾಲಿನ ಪದಾರ್ಥ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಮತ್ತ ಖಾರದ ಸಾರು ಮಾಡ್ರಿ ಅಂತ ಐತಿ! ಸೂರ್ಯನ ಮಾನಕ್ಕ ಖಾರ ಅಂತ. ಮೆಣಸಿನಕಾಯೂ ಬಟಾಟಿ ಬಂದ ದಿಕ್ಕಿನಿಂದನ ಬಂದದ್ದು, ನಮ್ಮ ಬ್ಯಾಡಗಿಗೂ ಅಲ್ಲಿಂದನ. ಹಾಲಿನ ಮಾತೊಂದು ಖರೆ, ಖಾರ ಅವರು ಕೂಡಿಸಿದ್ದು. ಅವರನ್ನ ಬೈಯೂದಿಲ್ಲ ನಾನು, ಹಬ್ಬ ಅಂದ್ರ ಎಲ್ಲಾರೂ ತಮ್ಮ ಕೈ ರುಚಿ ಹಾಕವರ. ಆದ್ರ ಪುರಾತನ ಅಂತ ಚೀಟಿ ಅಂಟಸಬಾರದು. ಖರೇ ಹಳೇ ರುಚಿ ಬೇಕಂದ್ರ ಪಶ್ಚಿಮ ಕಡಲದಂಡಿಗೆ ಹೋಗಬೇಕು. ಅಲ್ಲಿ ಈ ಹಬ್ಬದ ಹೊತ್ತಿಗೆ ದೊಡ್ಡ ಇಳಿತ ಬಂದು ಬಂಡಿಗಲ್ಲು ಬಯಲಾಗತಾವ. ಚಿಪ್ಪಿನ ಹುಳಾ ಆರಿಸಿ ತಂದು ಉಣತಿದ್ರು, ಮನಿ ನಾಕೂ ಮೂಲಿಗೆ ಒಂದೊಂದು ಇಡತಿದ್ರು, ವರ್ಷಪೂರ್ತಿ ಮೀನು ಸಿಗಲಿ ಅಂತ.

ಬೆಣ್ಣಿ ಮಾತು ಇನ್ನೊಂದು ಉಳದೈತಿ. ಅಲ್ಲಿ ಬೆಣ್ಣಿ ಮತ್ತ ತತ್ತಿ ರೊಕ್ಕ ಹೆಣ್ಣಮಕ್ಕಳದು. 1880ರ ದಶಕದಿಂದ ಯಂತ್ರದ ಕ್ರೀಮರಿ ಬಂದ್ವು, 1889ರಾಗ ಲಿಮೆರಿಕ್ ಜಿಲ್ಲಾದ ಡ್ರೊಮ್‌ಕಾಲೊಗರ್ ಅನ್ನೂ ಊರಾಗ ಮೊದಲನೇ ಸಹಕಾರಿ ಕ್ರೀಮರಿ. ಹೋರೇಸ್ ಪ್ಲಂಕೆಟ್ ಅನ್ನಾತ ಮುಂದ ನಿಂತು ಮಾಡಿದ್ದು. ಒಕ್ಕಲಿಗರಿಗೆ ಒಳ್ಳೇ ರೇಟು ಬಂತು, ಅದು ಖರೆ. ಆದ್ರ ಹಾಲಿನ ಕ್ಯಾನು ಗಾಡ್ಯಾಗ ಇಟಗೊಂಡು ಹೋಗವ ಗಂಡಸು, ರೊಕ್ಕ ಎಣಿಸಿಕೊಂಡು ಬರವನೂ ಅವನ. ಕಡಗೋಲು ಅಟ್ಟ ಸೇರಿತು. ನಮ್ಮೂರಿಗೂ ಡೇರಿ ಬಂದಾಗ ಹಿಂಗ ಆತಲ್ಲ? ಅವ್ವ ಶುಕ್ರವಾರದ ಸಂತಿಗೆ ಬೆಣ್ಣಿ ಉಂಡಿ ಬಾಳಿ ಎಲ್ಯಾಗ ಸುತ್ತಿ ಒಯ್ದು, ಬರೂವಾಗ ನಮಗ ಬಳಿ, ರಿಬ್ಬನ್ನು ತರತಿದ್ಲು. ಡೇರಿ ಬಂದ ಮ್ಯಾಲೆ ಪುಸ್ತಕ ಅಪ್ಪನ ಹೆಸರಿಗಾತು. ನನ್ನ ಪಿಯುಸಿ ಮೊದಲನೇ ವರ್ಷದ ಫೀ ಬೆಣ್ಣಿ ರೊಕ್ಕದ್ದು. ಎರಡನೇ ವರ್ಷದ್ದಕ್ಕ ಅವ್ವ ಅಪ್ಪನ ಮುಂದ ನಿಂತು ಕೇಳಬೇಕಾತು. ಅದರ ಮುಂದಿಂದು ಕೇಳಲಿಲ್ಲ.

ಇದನ್ನ ಅಜ್ಜಿಗೆ ಹೇಳಿದೆ. ಆಕಿ ಏನೂ ಅನ್ನದ ಎದ್ದು ಹೋಗಿ ಒಂದ ಹತ್ತಿ ಅರಿವಿ ತುಂಡು ತಂದು ಹಿತ್ತಲ ಬೇಲಿ ಮ್ಯಾಲೆ ಹಾಕಿದ್ಲು. ಆ ರಾತ್ರಿ ಬ್ರಿಜಿಡವ್ವ ಹಾದು ಹೋಗೂವಾಗ ಅದನ್ನ ಮುಟ್ಟತಾಳಂತ. ಆ ಅರಿವಿ ವರ್ಷಪೂರ್ತಿ ಇಟಗೊಂಡು ತಲಿ ನೋವಿಗೆ ಕಟ್ಟತಾರ, ಹಡಿಯಾಕಿ ಮ್ಯಾಲೆ ಹೊಚ್ಚತಾರ, ಈಯೂ ಆಕಳ ಬೆನ್ನ ಮ್ಯಾಲೂ ಹಾಕತಾರ. ಮುಂಜಾನೆ ಮಂಜಿನ್ಯಾಗ ತೊಯ್ದ ಆ ತುಂಡು ಅಜ್ಜಿ ತಂದು ನನ್ನ ಕೈಯಾಗ ಕೊಟ್ಲು, ಮಗಳ ಕೈಯಾಗಲ್ಲ. ಮಗಳು ಇಂಥಾದ್ದೆಲ್ಲಾ ನಂಬಾಕಿ ಅಲ್ಲಂತ ಆಕಿಗೂ ಗೊತ್ತಿತ್ತು.

ಫೆಬ್ರುವರಿ 4, ಐತವಾರ ರಾತ್ರಿ ಹೆಣ್ಣು ಕೂಸು. ಮರುದಿನಾ ಸೋಮವಾರ ದೇಶಕ್ಕೆಲ್ಲಾ ಬ್ರಿಜಿಡವ್ವನ ಸೂಟಿ, 2023ರಿಂದ ಸುರು ಆದದ್ದು, ಆ ದೇಶದಾಗ ಹೆಣ್ಣಿನ ಹೆಸರಿನ ಮೊದಲನೇ ಸರಕಾರಿ ಸೂಟಿ ಅದು. ಮೂರ ದಿನಾ ಮಗಳಿಗೆ ಹಾಲು ಇಳೀಲಿಲ್ಲ. ಕೂಸು ಅಳೂದು, ಆಕಿನೂ ಅಳೂದು. ಮೂರ ನಾಕ ದಿನಾ ಹಿಡೀತೈತಿ ಅಂತ ನರ್ಸು ಹೇಳಿದ್ಲು, ನನಗೂ ಗೊತ್ತಿತ್ತು, ಆದ್ರ ರಾತ್ರಿ ಎರಡ ಗಂಟೆಕ್ಕ ಗೊತ್ತಿದ್ದದ್ದು ಉಪಯೋಗಕ್ಕ ಬರೂದಿಲ್ಲ. ಅಳವಿ ಹಾಲಿನ್ಯಾಗ ಕುದಿಸಿ ಬೆಲ್ಲ ಹಾಕಿ ಕೊಟ್ಟೆ, ಬಳ್ಳೊಳ್ಳಿ ಹುರದು ತುಪ್ಪದಾಗ ಅನ್ನಕ್ಕ ಕಲಸಿ ಕೊಟ್ಟೆ. ಅಜ್ಜಿ ಓಟ್ಸಿನ ಗಂಜಿ ಮಾಡಿ, ಮ್ಯಾಲೆ ಗಟ್ಟಿ ಕೆನಿ ಹಾಕಿ, ಗೋಡಿ ದಾಟಿಸಿ ಕಳಿಸಿದ್ಲು. ಆಕಿ ಮಲಗಿದಾಗ ಆ ಅರಿವಿ ತುಂಡು ದಿಂಬಿನ ಕೆಳಗ ಸೇರಿಸಿದೆ. ನಾಕನೇ ದಿನಾ ಮುಂಜಾನೆ ರವಿಕಿ ತೊಯ್ದಿತ್ತು. ಯಾವುದರಿಂದ ಇಳೀತು ಅಂತ ನನ್ನ ಕೇಳಬ್ಯಾಡ್ರಿ.

ಆ ಅರಿವಿ ಈಗ ನನ್ನ ಟ್ರಂಕಿನ್ಯಾಗ ಐತಿ, ಇರಕಲ್ ಸೀರಿ ಮಡಿಕ್ಯಾಗ. ಮೊನ್ನೆ ಊರಿಂದ ತಂಗಿ ಫೋನ್ ಮಾಡಿದ್ಲು. ಈ ಕಥಿ ಆಕಿಗೆ ಮೊದಲ ಹೇಳಿದ್ದೆ. ಎಮ್ಮಿ ಮುಂದಿನ ವಾರ ಈಯೂದೈತಿ, ಹೋದ ಸಲ ಕರ ಉಳೀಲಿಲ್ಲ, ಆ ಅರಿವಿ ಬಸ್ಸಿನವರ ಕೈಯಾಗ ಕೊಟ್ಟ ಕಳಸಕ್ಕ ಅಂದ್ಲು. ಬಸ್ಸಿನ್ಯಾಗ ಕಳಸೂದಿಲ್ಲ, ನಾನ ತಗೊಂಡ ಬರತೀನಿ ಅಂದೇನಿ. ಗಿಣ್ಣ ತಿಂದು ಬಂದ ಹಂಗೂ ಆಗತೈತಿ.